ಹಿಂದಿನ ಸಾಲಿನ ದಪ್ಪ ದನಿ



ಈ ಸಲ ಹಬ್ಬದ ಕರಿದ ತಿಂಡಿಗಳ ವಿಷಯ ಬರೆಯೋಣ ಅಂತಿದ್ದೆ. ಅಷ್ಟರಲ್ಲಿ ಓದುಗಿ ಸೋದರಿಯೊಬ್ಬರ ಕಾಗದ ಬಂತು. "ನಮ್ಮ ಬೀದಿಯ ಭಜನಾ ಮಂಡಳಿಯಲ್ಲಿ ಹತ್ತು ವರ್ಷದಿಂದ ಹಾಡುತ್ತಿದ್ದೇನೆ. ನನ್ನ ಗಂಟಲು ದಪ್ಪ, ಮೇಲಿನ ಷಡ್ಜಕ್ಕೆ ಏರುವುದಿಲ್ಲ. ಈಗ ಹೊಸದಾಗಿ ಸೇರಿದವರು, ನೀವು ಹಿಂದೆ ಕೂತು ತಾಳ ಹಾಕಿ ಸಾಕು ಅಂತಾರೆ. ಹೋಗುವುದನ್ನೇ ಬಿಟ್ಟುಬಿಡಲೇ?" ಅಂತ ಕೇಳಿದ್ದಾರೆ. ತಿಂಡಿ ಮುಂದಿನ ಸಲಕ್ಕಿರಲಿ.

ಕಾಗದ ಓದುತ್ತಿದ್ದ ಹಾಗೇ ನನಗೆ ಅಮೆರಿಕದ ಮೂವರು ಅಕ್ಕತಂಗಿಯರು ನೆನಪಾದರು, ಆಂಡ್ರ್ಯೂಸ್ ಸೋದರಿಯರು ಅಂತ. ಮಗಳು ಮೊಬೈಲಿನಲ್ಲಿ ಹಾಕಿಕೊಟ್ಟಾಗಿನಿಂದ, ಸೊಪ್ಪು ಬಿಡಿಸುವಾಗ ಅವರ ಹಾಡು ಕೇಳುವುದು ನನಗೆ ರೂಢಿಯಾಗಿದೆ. ಮಾತು ಅರ್ಧಂಬರ್ಧ ತಿಳಿಯುತ್ತೆ, ಹೋಗಲಿ ಬಿಡಿ, ದನಿ ಪೂರ್ತಿ ತಿಳಿಯುತ್ತೆ.

ಅವರ ಹಾಡಿನ ರೀತಿ ನಮ್ಮದಲ್ಲ. ಸೂಲಮಂಗಲಂ ಸೋದರಿಯರ ಸ್ತೋತ್ರ ನೀವೆಲ್ಲ ಕೇಳಿದ್ದೀರಿ. ಅಲ್ಲಿ ಇಬ್ಬರೂ ಒಂದೇ ಸ್ವರ ಹಿಡಿದು ಹಾಡುತ್ತಾರೆ, ಎರಡು ದನಿ ಸೇರಿ ಒಂದಾಗುತ್ತೆ. ಪಾಶ್ಚಾತ್ಯರ ಹಾರ್ಮನಿ ಅಂದರೆ ಬೇರೆ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಶಂಕರಾಭರಣದ ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಮೂರು ಬೇರೆ ಬೇರೆ ಸ್ವರ, ಆದರೂ ಕಿವಿಗೆ ತುಂಬಿದ ಒಂದೇ ನಾದ. ಇನ್ನು ಕೆಳಗಿನ ಸ ಬಿಟ್ಟು ಬರೀ ಗ, ಪ ಒತ್ತಿ. ಏನೋ ಕೆಳಗೆ ನೆಲವೇ ಇಲ್ಲ ಅನ್ನಿಸುತ್ತೆ, ಅಲ್ಲವೇ? ಒಬ್ಬೊಬ್ಬರು ಒಂದೊಂದು ಸ್ವರದ ದಾರಿ ಹಿಡಿದು, ಪದವನ್ನು ಮಾತ್ರ ಒಂದೇ ಉಸಿರಿಗೆ ಶುರುಮಾಡಿ ಒಂದೇ ಉಸಿರಿಗೆ ಮುಗಿಸಬೇಕು. ಒಂದೇ ಮನೆಯಲ್ಲಿ, ಒಂದೇ ತಾಯಿಯ ಮಾತು ಕೇಳಿ ಬೆಳೆದವರಿಗೆ ಇದು ಬೇಗ ಒಲಿಯುತ್ತೆ. ಉಚ್ಚಾರ ಒಂದೇ ನೋಡಿ.

ಆಂಡ್ರ್ಯೂಸ್ ಹುಡುಗಿಯರಿಗೂ ಗುರುಗಳಿದ್ದರು, ಅವರೂ ಅಕ್ಕತಂಗಿಯರೇ. ನ್ಯೂ ಆರ್ಲಿಯನ್ಸ್ ಊರಿನ ಬಾಸ್ವೆಲ್ ಸೋದರಿಯರು: ಮಾರ್ಥಾ, ಕಾನಿ, ವೆಟ್. ಪಿಯಾನೊ, ಚೆಲ್ಲೊ, ಪಿಟೀಲು ಶಾಸ್ತ್ರೋಕ್ತವಾಗಿ ಕಲಿತವರು. ಕಾನಿಗೆ ಬಾಲ್ಯದಿಂದಲೇ ನಡೆಯಲಾಗುತ್ತಿರಲಿಲ್ಲ. ಕೂತೇ ಹಾಡುತ್ತಿದ್ದಳು, ಮೂವರ ಹಾಡನ್ನು ಹೊಸದಾಗಿ ಹೊಂದಿಸುವುದರಲ್ಲಿ ಅವಳದೇ ಮುಂದಾಳುತನ. ದೊಡ್ಡ ಗಾಯಕಿ ಎಲ್ಲಾ ಫಿಟ್ಜ್‌ಜೆರಾಲ್ಡ್ ಚಿಕ್ಕಂದಿನಲ್ಲಿ ಈ ಕಾನಿಯ ಹಾಗೆ ಹಾಡಬೇಕು ಅಂತಲೇ ಹೊರಟವಳಂತೆ. ಆದರೆ 1936ರಲ್ಲಿ, ಹೆಸರು ಉತ್ತುಂಗದಲ್ಲಿರುವಾಗಲೇ, ಮಾರ್ಥಾ ಮತ್ತು ವೆಟ್ ಹಾಡುವುದನ್ನು ನಿಲ್ಲಿಸಿ ಸಂಸಾರಕ್ಕೆ ನಿಂತರು. ಕಾನಿ ಒಬ್ಬಳೇ ಮುಂದುವರಿದಳು. ಸಂಸಾರ ಕಡಿಮೆಯದು ಅಂತ ನಾನು ಹೇಳುವುದಿಲ್ಲ, ನಾನೂ ಅದೇ ಮಾಡಿಕೊಂಡು ಬಂದವಳು. ಆದರೂ ಅವರ ಹಾಡು ಕೇಳಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಅಷ್ಟು ಹೊತ್ತಿಗೆ ಉತ್ತರದ ಚಳಿಯ ಊರು ಮಿನಿಯಾಪೊಲಿಸ್‌ನ ಮೂವರು ಹುಡುಗಿಯರು ಬಾಸ್ವೆಲ್‌ಗಳ ಹಾಡನ್ನು ಕೇಳಿ ಕೇಳಿ ಅನುಕರಿಸುತ್ತಿದ್ದರು. ಆ ದಕ್ಷಿಣದವರ ರಾಗವಾದ ಮಾತಿನ ಧಾಟಿಯೂ ಇವರ ಬಾಯಿಗೆ ಬಂದುಬಿಟ್ಟಿತ್ತು! ತಂದೆ ಗ್ರೀಸ್ ದೇಶದಿಂದ ಬಂದವರು, ತಾಯಿ ನಾರ್ವೆ ಮೂಲದವರು. ನಾಟಕ ಕಂಪನಿಗಳ ಹಾಗೆ ಊರೂರು ತಿರುಗಿ ಹಾಡಿದರು. 1937ರ ನವೆಂಬರಿನಲ್ಲಿ ಡೆಕ್ಕಾ ಕಂಪನಿಗೆ 'ಬೈ ಮೀರ್ ಬಿಸ್ತ್ ದು ಶೇನ್' ಹಾಡಿದ್ದೇ ತಡ, ದೇಶಕ್ಕೆಲ್ಲ ಹೆಸರಾದರು. ಅದು ಮೂಲದಲ್ಲಿ ಯಹೂದಿಗಳ ಯಿಡ್ಡಿಷ್ ನಾಟಕದ ಹಾಡು. ಪಾಪ, ರಾಗ ಕಟ್ಟಿದ ಶೊಲೊಮ್ ಸೆಕುಂಡಾ ಅದರ ಹಕ್ಕನ್ನು ಮೊದಲೇ ಬರೀ 30 ಡಾಲರಿಗೆ ಮಾರಿಬಿಟ್ಟಿದ್ದರು. ಎರಡನೇ ಮಹಾಯುದ್ಧದಲ್ಲಿ ಈ ಮೂವರು ಸೈನಿಕರ ಮುಂದೆ ಹಾಡದ ಜಾಗವಿಲ್ಲ.

ಈಗ ನಮ್ಮ ಸೋದರಿಯ ವಿಷಯಕ್ಕೆ ಬರುತ್ತೇನೆ. ಮೂವರಲ್ಲಿ ಕಿರಿಯವಳು ಪ್ಯಾಟಿ, 1918ರಲ್ಲಿ ಹುಟ್ಟಿದವಳು. ಮುಖ್ಯ ದನಿ ಅವಳದು, ಜನರ ಕಣ್ಣೂ ಅವಳ ಮೇಲೆ. ನಡುವಿನವಳು ಮ್ಯಾಕ್ಸೀನ್, ಮೇಲಿನ ಸ್ವರ ಅವಳ ಪಾಲು. ಹಿರಿಯಕ್ಕ ಲವರ್ನ್, 1911ರವಳು, ದಪ್ಪ ದನಿ. ಪಿಯಾನೊ ನುಡಿಸುವವಳು, ಬರೆದ ಸ್ವರಲಿಪಿ ಓದಬಲ್ಲವಳು ಮೂವರಲ್ಲಿ ಅವಳೊಬ್ಬಳೇ. ತಂಗಿಯರು ಬರೀ ಕಿವಿಯಿಂದ ಕಲಿತವರು. ಹಾಡು ಕೇಳುವಾಗ ಲವರ್ನಳ ದನಿ ಬೇರೆಯಾಗಿ ಹುಡುಕಿದರೂ ಸಿಗುವುದು ಕಷ್ಟ. ನಾನು ಒಂದೇ ಹಾಡನ್ನು ನಾಲ್ಕು ಸಲ ಹಾಕಿಕೊಂಡು, ಅವಳ ದನಿಯೊಂದನ್ನೇ ಹಿಡಿದು ಕೂತೆ. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಕೆಳಗಿನಿಂದ ಒಂದೇ ಸಮನೆ ಹೊತ್ತು ನಿಂತಿರುತ್ತೆ ಆ ದನಿ.

ಅವರ ಮನೆಯೂ ಎಲ್ಲರ ಮನೆಯ ಹಾಗೇ. ತಾಯಿ 1948ರಲ್ಲಿ, ತಂದೆ ಮರುವರ್ಷ ತೀರಿಕೊಂಡ ಮೇಲೆ ಆಸ್ತಿಯ ಮಾತು ಬಂತು, ಜಗಳ ಬಂತು. ಪ್ಯಾಟಿ ಬೇರೆಯಾದದ್ದು ಅಕ್ಕಂದಿರಿಗೆ ಪತ್ರಿಕೆಯಿಂದ ಗೊತ್ತಾಯಿತಂತೆ! 1956ರಲ್ಲಿ ಮತ್ತೆ ಒಂದಾದರು. ಜಗಳವಾಡಿಯೂ ಮತ್ತೆ ಕೂಡಿದವರಿಗೆ ಲವರ್ನ್ ಹೋದದ್ದನ್ನು ಮಾತ್ರ ತುಂಬಿಕೊಳ್ಳಲು ಆಗಲಿಲ್ಲ. 1967ರ ಮೇ ತಿಂಗಳಲ್ಲಿ ಅವಳು ಕ್ಯಾನ್ಸರಿನಿಂದ ತೀರಿಕೊಂಡಳು. ಅವಳ ಜಾಗಕ್ಕೆ ಇನ್ನೊಬ್ಬ ಗಾಯಕಿಯನ್ನು ತಂದು ನೋಡಿದರು. ಮರುವರ್ಷ ಮೂವರ ತಂಡವೇ ನಿಂತುಹೋಯಿತು. ಮುಂದೆ 1974ರಲ್ಲಿ ಪ್ಯಾಟಿ, ಮ್ಯಾಕ್ಸೀನ್ ಇಬ್ಬರೇ ನ್ಯೂಯಾರ್ಕಿನ ನಾಟಕವೊಂದರಲ್ಲಿ ಸೇರಿ ಹಾಡಿ ಹೆಸರು ಪಡೆದರು, ಅದಾದ ಮೇಲೆ ಮತ್ತೆ ಮಾತು ಬಿಟ್ಟರು. ಮ್ಯಾಕ್ಸೀನ್ 1995ರಲ್ಲಿ, ಪ್ಯಾಟಿ 2013ರಲ್ಲಿ ತೀರಿಕೊಂಡರು.

ಆದ್ದರಿಂದ ತಾಯೀ, ಮಂಡಳಿ ಬಿಡಬೇಡಿ. ಹಾಗಂತ ದೇವರನಾಮಕ್ಕೆ ಸ, ಗ, ಪ ಸೇರಿಸಿ ಹಾಡಿ ಅಂತ ಹೇಳುತ್ತಿಲ್ಲ. ನಮ್ಮ ರಾಗಕ್ಕೆ ಅದು ಹೊಂದುವುದಿಲ್ಲ, ನನಗಂತೂ ಇಷ್ಟವಿಲ್ಲ. ಮೊದಲು ಶ್ರುತಿ ನೋಡಿ. ಹಾರ್ಮೋನಿಯಂ ಹಿಡಿಯುವವರಿಗೆ ಹೇಳಿ ಒಂದೆರಡು ಮನೆ ಕೆಳಗಿಳಿಸಿ. ನಲವತ್ತು ದಾಟಿದ ಇನ್ನೂ ಎಷ್ಟು ಜನ ಉಸ್ಸಪ್ಪಾ ಅಂತ ಸುಮ್ಮನೆ ತುಟಿ ಆಡಿಸುತ್ತಿದ್ದರು ಅಂತ ಆವಾಗ ಗೊತ್ತಾಗುತ್ತೆ! ಅಷ್ಟಕ್ಕೂ ಅವರು ಒಪ್ಪದಿದ್ದರೆ, ಮೇಲಿನ ಸಾಲು ಬಂದಾಗ ನೀವು ಅದನ್ನೇ ಕೆಳಗಿನ ಸ್ಥಾಯಿಯಲ್ಲಿ ಹಿಡಿಯಿರಿ. ಕೂಗಬೇಡಿ, ಹಾಗಂತ ಮುಚ್ಚಿಕೊಳ್ಳಲೂ ಬೇಡಿ. ಒಂದು ಶುಕ್ರವಾರ ಬೇಕೆಂದೇ ಸುಮ್ಮನಿದ್ದು ತಾಳವಷ್ಟೇ ಹಾಕಿ ನೋಡಿ. ಹಾಡು ತೆಳ್ಳಗಾಯಿತು ಅಂತ ಯಾರಾದರೂ ತಿರುಗಿ ನೋಡಿದರೋ ಇಲ್ಲವೋ, ನನಗೆ ಬರೆಯಿರಿ.

ಮುಂದಿನ ಸಂಚಿಕೆಗೆ ಚಕ್ಕುಲಿ, ತೇಂಗೊಳಲು. ಹಿಟ್ಟು ಈಗಲೇ ಬೀಸಿಸಿಟ್ಟುಕೊಳ್ಳಿ.