ಬೂಟು ಕಚ್ಚಿದ ಕಾಲು

ಹೊಸ ಚಪ್ಪಲಿ, ಹೊಸ ಬೂಟು ಕಾಲನ್ನು ‘ಕಚ್ಚುತ್ತದೆ’ ಎಂದು ಹೇಳುವುದು ಕನ್ನಡದಲ್ಲಿ ವಾಡಿಕೆ. ಹಲ್ಲಿಲ್ಲದ ಬೂಟು ಕಚ್ಚುವುದಾದರೂ ಹೇಗೆ ಎಂದು ಯಾರೂ ಕೇಳುವುದಿಲ್ಲ. ಶಾಲೆಯ ಕ್ರೀಡಾಕೂಟ ಹತ್ತಿರ ಬಂದಾಗ ಮಾತ್ರ ಅದರ ಬಿಸಿ ಮನೆಮನೆಗೂ ತಟ್ಟುತ್ತದೆ. ವರ್ಷವಿಡೀ ಓಡದಿದ್ದ ಹುಡುಗ 1500 ಮೀಟರ್ ಓಟಕ್ಕೆ ಹೆಸರು ಕೊಟ್ಟಿರುತ್ತಾನೆ. ಅಪ್ಪ ಪೇಟೆಗೆ ಕರೆದುಕೊಂಡು ಹೋಗಿ ಹೊಸ ಬೂಟು ಕೊಡಿಸುತ್ತಾರೆ. ಎರಡು ದಿನ ಬೆಳಿಗ್ಗೆ ಮೈದಾನದಲ್ಲಿ ಹತ್ತು ಹದಿನೈದು ಸುತ್ತು. ಮೂರನೆಯ ದಿನ ಹಿಮ್ಮಡಿಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ನೀರುಗುಳ್ಳೆ, ಕುಂಟು ನಡಿಗೆ. ಅಜ್ಜಿ ಅರಿಸಿನ ಹಚ್ಚು ಎನ್ನುತ್ತಾರೆ, ಪಕ್ಕದ ಮನೆಯವರು ಸೂಜಿ ದಾರ ತರುತ್ತಾರೆ, ಡ್ರಿಲ್ ಮೇಷ್ಟ್ರು ‘ಒಡೆದುಬಿಡು, ಸರಿಹೋಗುತ್ತೆ’ ಎನ್ನುತ್ತಾರೆ. ಇವರಲ್ಲಿ ಯಾರ ಮಾತು ಕೇಳಬೇಕು? ಅದನ್ನು ನಿರ್ಧರಿಸುವ ಮೊದಲು ಗುಳ್ಳೆ ಹುಟ್ಟುವ ಬಗೆಯನ್ನು ತಿಳಿದುಕೊಳ್ಳುವುದು ಮೇಲು.

ಬೂಟು ಚರ್ಮವನ್ನು ಮೇಲಿನಿಂದ ಉಜ್ಜಿ ಉಜ್ಜಿ ಸವೆಸುವುದರಿಂದ ಗುಳ್ಳೆ ಬರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಸತ್ಯ ಮಾತ್ರ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಎಡಗೈಯ ಹಿಂಭಾಗದ ಮೇಲೆ ಬಲಗೈಯ ತೋರುಬೆರಳನ್ನು ಒತ್ತಿ ಹಿಡಿಯಿರಿ. ಬೆರಳು ಜಾರದಂತೆ ಅದನ್ನು ಮುಂದಕ್ಕೂ ಹಿಂದಕ್ಕೂ ಅಲುಗಾಡಿಸಿ. ಬೆರಳು ಚರ್ಮದ ಮೇಲೆ ಉಜ್ಜುವುದೇ ಇಲ್ಲ. ಚರ್ಮವೇ ಬೆರಳಿನ ಜೊತೆ ಹೋಗಿಬರುತ್ತದೆ. ಒಳಗಿನ ಮೂಳೆ ಇದ್ದಲ್ಲೇ ಇರುತ್ತದೆ. ಮೇಲಿನ ಚರ್ಮಕ್ಕೂ ಒಳಗಿನ ಮೂಳೆಗೂ ನಡುವೆ ಇರುವ ಪದರಗಳು ಒಂದು ಬಾರಿ ಆ ಕಡೆಗೆ, ಒಂದು ಬಾರಿ ಈ ಕಡೆಗೆ ಎಳೆದಾಡುತ್ತವೆ.

ಓಡುವಾಗ ಬೂಟಿನೊಳಗೆ ನಡೆಯುವುದೂ ಇದೇ. ಬೂಟು ಮತ್ತು ಕಾಲುಚೀಲ ಸೇರಿ ಹೊರಚರ್ಮವನ್ನು ಘರ್ಷಣೆಯಿಂದ ಹಿಡಿದುಕೊಂಡಿರುತ್ತವೆ. ಪಾದ ನೆಲಕ್ಕೆ ಬಡಿದು ಮೇಲೇಳುವಾಗ ಒಳಗಿನ ಮೂಳೆ ಮಾತ್ರ ಸ್ವಲ್ಪ ಸರಿಯುತ್ತದೆ. ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಒಂದೊಂದು ಕಾಲೂ ಸುಮಾರು 500 ಸಲ ನೆಲಕ್ಕೆ ಬಡಿಯುತ್ತದೆ ಎಂದರೆ ಅಷ್ಟು ಸಲ ಎಳೆತ. ತಂತಿಯೊಂದನ್ನು ಒಂದೇ ಜಾಗದಲ್ಲಿ ಹಿಂದಕ್ಕೆ ಮುಂದಕ್ಕೆ ಬಾಗಿಸುತ್ತಾ ಹೋದರೆ ಕಡೆಗೊಮ್ಮೆ ತುಂಡಾಗುವುದಿಲ್ಲವೇ? ಹಾಗೆಯೇ ಹೊರಚರ್ಮದ ನಡುಪದರದಲ್ಲಿ ಜೀವಕೋಶಗಳ ಬೆಸುಗೆ ಬಿಟ್ಟು ಸೀಳು ಉಂಟಾಗುತ್ತದೆ. ಸೀಳಿನೊಳಗೆ ಸುತ್ತಲಿನ ಅಂಗಾಂಶದ ದ್ರವ ಒಸರಿ, ಒಂದೆರಡು ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ಎಣ್ಣೆಯಲ್ಲಿ ಬಿಟ್ಟ ಪೂರಿ ಉಬ್ಬುವಂತೆ ಮೇಲಿನ ಪದರ ಉಬ್ಬುತ್ತದೆ. ಪೂರಿಯೊಳಗೆ ಹಬೆ, ಇಲ್ಲಿ ನೀರು, ಅಷ್ಟೇ ವ್ಯತ್ಯಾಸ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲವಾದ್ದರಿಂದ ಈ ನೀರು ತಿಳಿಯಾಗಿರುತ್ತದೆ. ಪೆಟ್ಟು ಇನ್ನೂ ಆಳಕ್ಕೆ ಇಳಿದು ಒಳಚರ್ಮದ ಸಣ್ಣ ರಕ್ತನಾಳ ಒಡೆದರೆ ಗುಳ್ಳೆ ಕೆಂಪಾಗಿ ಕಾಣುತ್ತದೆ.

ಅಂಗಾಲು, ಹಿಮ್ಮಡಿ, ಅಂಗೈಗಳಲ್ಲೇ ಇಂಥ ಗುಳ್ಳೆ ಏಳುವುದಕ್ಕೆ ಕಾರಣವಿದೆ. ಅಲ್ಲಿನ ಚರ್ಮ ದಪ್ಪ, ಒಳಗಿನ ಅಂಗಾಂಶಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ತೋಳಿನ ತೆಳು ಚರ್ಮವನ್ನು ಉಜ್ಜಿದರೆ ಅದು ತರಚಿಹೋಗುತ್ತದೆ, ಗುಳ್ಳೆ ಏಳುವುದಿಲ್ಲ.

ಇನ್ನು ಬೆವರಿನ ಪಾತ್ರ. ಬಸ್ ಕಂಡಕ್ಟರ್ ಟಿಕೆಟ್ ಹರಿಯುವ ಮೊದಲು ಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದುದನ್ನು ಹಿರಿಯರು ಕಂಡಿರುತ್ತಾರೆ. (ಯಂತ್ರ ಬಂದ ಮೇಲೆ ಆ ಅಭ್ಯಾಸ ಕಡಿಮೆಯಾಗಿದೆ, ಪ್ರಯಾಣಿಕರ ಪುಣ್ಯ.) ಒಣ ಬೆರಳಿಗಿಂತ ತುಸು ಒದ್ದೆಯಾದ ಬೆರಳು ಕಾಗದವನ್ನು ಚೆನ್ನಾಗಿ ಹಿಡಿಯುತ್ತದೆ. ಚರ್ಮ ಪೂರ್ತಿ ಒಣಗಿದ್ದರೆ ಘರ್ಷಣೆ ಕಡಿಮೆ. ನೀರಿನಲ್ಲಿ ಪೂರ್ತಿ ತೊಯ್ದಿದ್ದರೂ ಜಾರಿಕೆ. ನಡುವಿನ ಸ್ಥಿತಿಯಲ್ಲಿ, ಅಂದರೆ ತೇವದಿಂದ ಕೂಡಿರುವಾಗ, ಘರ್ಷಣೆ ಅತಿ ಹೆಚ್ಚು. ಬೂಟಿನೊಳಗೆ ಬೆವರಿದ ಕಾಲಿನ ಸ್ಥಿತಿ ಸರಿಯಾಗಿ ಇದೇ. ಅದಕ್ಕೆ ಶಾಖವೂ ಸೇರುತ್ತದೆ. ಬೇಸಿಗೆಯ ಓಟದಲ್ಲಿ ಗುಳ್ಳೆ ಹೆಚ್ಚು ಕಾಣಿಸಿಕೊಳ್ಳುವುದು ಇದರಿಂದಲೇ.

ತಡೆಯುವ ಕೆಲಸ ಬೂಟಿನ ಅಂಗಡಿಯಲ್ಲೇ ಶುರುವಾಗಬೇಕು. ‘ಮುಂದಿನ ವರ್ಷಕ್ಕೂ ಬರಲಿ’ ಎಂದು ಒಂದು ಅಳತೆ ದೊಡ್ಡದನ್ನೇ ಕೊಡಿಸುವ ಪದ್ಧತಿ ಮಧ್ಯಮ ವರ್ಗದ ಮನೆಗಳಲ್ಲಿ ಹೊಸದಲ್ಲ. ಸಮವಸ್ತ್ರದ ಅಂಗಿಗೆ ಆ ಲೆಕ್ಕ ಸರಿಹೋದೀತು, ಓಡುವ ಬೂಟಿಗೆ ಆಗದು. ದೊಡ್ಡ ಬೂಟಿನಲ್ಲಿ ಹಿಮ್ಮಡಿ ಪ್ರತಿ ಹೆಜ್ಜೆಗೂ ಎದ್ದು ಕೂರುತ್ತದೆ. ಹೋದ ವರ್ಷದ ಚಿಕ್ಕ ಬೂಟಿನಲ್ಲಿ ಬೆರಳುಗಳು ಒಂದರ ಮೇಲೊಂದು ಹತ್ತಿ ಕುಳಿತಿರುತ್ತವೆ. ದಿನ ಕಳೆದಂತೆ ಪಾದ ಸ್ವಲ್ಪ ಊದುವುದರಿಂದ ಸಂಜೆ ಹೊತ್ತು ಅಂಗಡಿಗೆ ಹೋಗುವುದು ಒಳ್ಳೆಯದು. ಎರಡೂ ಪಾದ ಒಂದೇ ಅಳತೆ ಇರಬೇಕೆಂದೇನೂ ಇಲ್ಲ. ದೊಡ್ಡ ಪಾದಕ್ಕೆ ಹೊಂದುವುದನ್ನು ಕೊಳ್ಳಬೇಕು. ಓಡುವಾಗ ತೊಡುವ ಕಾಲುಚೀಲವನ್ನೇ ತೊಟ್ಟು, ಎರಡೂ ಕಾಲಿಗೆ ಬೂಟು ಹಾಕಿ, ಎದ್ದು ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಹಿಮ್ಮಡಿ ಅಲುಗಬಾರದು. ಅನೇಕ ಓಟದ ಬೂಟುಗಳಲ್ಲಿ ಕಣಕಾಲಿನ ಹತ್ತಿರ ಒಂದು ಜೊತೆ ಹೆಚ್ಚಿನ ತೂತುಗಳಿರುತ್ತವೆ. ಲೇಸನ್ನು ಅಲ್ಲಿಯವರೆಗೂ ಎಳೆದು ಕಟ್ಟಿದರೆ ಹಿಮ್ಮಡಿ ಜಾರುವುದು ನಿಲ್ಲುತ್ತದೆ. ಬಹಳ ಮಕ್ಕಳು ಆ ತೂತುಗಳನ್ನು ಅಲಂಕಾರಕ್ಕೆಂದು ಬಿಟ್ಟಿರುತ್ತಾರೆ.

ಹೊಸ ಬೂಟನ್ನು ಸ್ಪರ್ಧೆಯ ದಿನವೇ ತೊಡುವುದಂತೂ ಕೂಡದು. ಒಂದೆರಡು ವಾರ ಮೊದಲೇ ಮನೆಯಲ್ಲಿ, ಬೀದಿಯಲ್ಲಿ ನಡೆದಾಡಿ ಒಗ್ಗಿಸಿಕೊಳ್ಳಬೇಕು.

ಕಾಲುಚೀಲದ ವಿಷಯದಲ್ಲಿ ಹಿರಿಯರ ಮಾತು ತಲೆಕೆಳಗಾಗುತ್ತದೆ. ಬಟ್ಟೆ ಎಂದರೆ ಹತ್ತಿಯೇ ಶ್ರೇಷ್ಠ ಎಂಬುದು ಅಂಗಿಗೆ ನಿಜ. ಆದರೆ ಹತ್ತಿ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಂಡು, ತೇವವಾಗಿ ಕಾಲಿಗೆ ಅಂಟುತ್ತದೆ. 1990ರಲ್ಲಿ ಅಮೆರಿಕದಲ್ಲಿ ದೂರ ಓಟಗಾರರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಅಕ್ರಿಲಿಕ್ ನೂಲಿನ ಕಾಲುಚೀಲ ತೊಟ್ಟವರಿಗೆ ಹತ್ತಿಯದನ್ನು ತೊಟ್ಟವರಿಗಿಂತ ಕಡಿಮೆ ಗುಳ್ಳೆಗಳು ಬಂದವು. ಒಳಗೆ ತೆಳುವಾದ ನೈಲಾನ್ ಅಥವಾ ಪಾಲಿಯೆಸ್ಟರ್ ಚೀಲ, ಅದರ ಮೇಲೆ ದಪ್ಪ ಚೀಲ ತೊಡುವ ಉಪಾಯವೂ ಉಂಟು. ಉಜ್ಜಾಟ ಚರ್ಮದ ಮೇಲೆ ನಡೆಯುವ ಬದಲು ಎರಡು ಬಟ್ಟೆಗಳ ನಡುವೆ ನಡೆದುಹೋಗುತ್ತದೆ. ಇದಕ್ಕೆ ಬೂಟಿನಲ್ಲಿ ಜಾಗವಿರಬೇಕು ಅಷ್ಟೆ. ಬೆರಳಿನ ತುದಿಗೆ ದಪ್ಪ ಹೊಲಿಗೆ ಬರುವಂಥ ಚೀಲ, ಹೊಲಿದು ತೇಪೆ ಹಾಕಿದ ಚೀಲ ಓಟಕ್ಕೆ ಬೇಡ. ತೊಡುವಾಗ ಒಂದೂ ನೆರಿಗೆ ಉಳಿಯದಂತೆ ಎಳೆದುಕೊಳ್ಳಬೇಕು. ಒಳಗೆ ಸೇರಿದ ಒಂದೇ ಒಂದು ಮರಳಿನ ಕಣ ಸಾಕು.

ಪೌಡರ್ ಹಾಕಿಕೊಳ್ಳುವವರಿದ್ದಾರೆ. ಮೊದಲ ಸ್ವಲ್ಪ ಹೊತ್ತು ಅದು ಕಾಲನ್ನು ಒಣಗಿಸಿದರೂ ಬೆವರು ಹೆಚ್ಚಿದಂತೆ ಮುದ್ದೆ ಕಟ್ಟುತ್ತದೆ. ವ್ಯಾಸಲೀನ್ ಸಣ್ಣ ಓಟಕ್ಕೆ ಒಳ್ಳೆಯದೇ. ಗಂಟೆಗಟ್ಟಲೆ ಓಡುವುದಾದರೆ ನಡುವೆ ಮತ್ತೆ ಹಚ್ಚಬೇಕಾಗುತ್ತದೆ, ಏಕೆಂದರೆ ಜಾರಿಕೆ ಕಳೆದ ಮೇಲೆ ಘರ್ಷಣೆ ಮೊದಲಿಗಿಂತಲೂ ಏರಬಹುದು. ಬೆವರನ್ನೇ ತಡೆಯುವ ಅಲ್ಯೂಮಿನಿಯಂ ಲವಣದ ದ್ರಾವಣವನ್ನು 1990ರ ದಶಕದಲ್ಲಿ ಅಮೆರಿಕದ ಸೈನಿಕ ವಿದ್ಯಾರ್ಥಿಗಳ ಪಾದಗಳ ಮೇಲೆ ಪರೀಕ್ಷಿಸಲಾಯಿತು. 21 ಕಿಲೋಮೀಟರ್ ನಡಿಗೆಯ ನಂತರ ಅದನ್ನು ಹಚ್ಚಿಕೊಂಡವರಲ್ಲಿ ಶೇಕಡಾ 21 ಮಂದಿಗೆ ಗುಳ್ಳೆ ಬಂದರೆ, ಹಚ್ಚಿಕೊಳ್ಳದವರಲ್ಲಿ ಶೇಕಡಾ 48 ಮಂದಿಗೆ ಬಂತು. ಆದರೆ ಹಚ್ಚಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮ ಉರಿಯತೊಡಗಿತು. ಮಕ್ಕಳಿಗೆ ಇದು ಬೇಡ.

ಎಲ್ಲಕ್ಕಿಂತ ಅಗ್ಗದ ಉಪಾಯ ಔಷಧಿ ಅಂಗಡಿಯಲ್ಲಿದೆ. ಆಸ್ಪತ್ರೆಯಲ್ಲಿ ಸಲೈನ್ ಹಾಕುವಾಗ ಸೂಜಿ ಅಲುಗದಂತೆ ಅಂಟಿಸುವ ಬಿಳಿ ಕಾಗದದ ಟೇಪ್ ಅದು. ಮರುಭೂಮಿಯಂಥ ಕಡೆಗಳಲ್ಲಿ ದಿನಗಟ್ಟಲೆ, ಒಟ್ಟು 250 ಕಿಲೋಮೀಟರ್ ಓಡುವ ಸಾಹಸಿಗರ ಕಾಲಿಗೆ ಇದನ್ನು ಅಂಟಿಸಿ ನೋಡಿದ ವೈದ್ಯರಿಗೆ ಮೊದಲ ಪ್ರಯತ್ನದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಅವರು ಕೈಬಿಡದೆ ಪುನಃ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಎರಡನೆಯ ಅಧ್ಯಯನದಲ್ಲಿ, ಟೇಪ್ ಅಂಟಿಸಿದ ಜಾಗಗಳಲ್ಲಿ ಗುಳ್ಳೆಗಳು ಸ್ಪಷ್ಟವಾಗಿ ಕಡಿಮೆಯಾಗಿದ್ದವು. ಓಟಕ್ಕೆ ಮುಂಚೆ, ಒಣಗಿದ ಕಾಲಿನ ಮೇಲೆ, ಪ್ರತಿಸಲ ಗುಳ್ಳೆ ಏಳುವ ಜಾಗಕ್ಕೆ ಒಂದೇ ಪದರವಾಗಿ ಸುಕ್ಕಿಲ್ಲದೆ ಅಂಟಿಸಿದರಾಯಿತು. ಓಡುವಾಗ ಒಂದು ಜಾಗ ಬಿಸಿಯಾಗಿ ಚುರುಗುಟ್ಟತೊಡಗಿದರೆ ಅದು ಗುಳ್ಳೆಯ ಮುನ್ಸೂಚನೆ. ಅಭ್ಯಾಸದ ಓಟವಾಗಿದ್ದರೆ ಆಗಲೇ ನಿಂತು ಟೇಪ್ ಹಾಕಿಕೊಳ್ಳಬೇಕು. ‘ಇನ್ನೆರಡು ಸುತ್ತು’ ಎಂದವರೇ ಮರುದಿನ ಕುಂಟುವವರು.

ಹಾಗಾದರೆ ಬೂಟೇ ಬೇಡ, ಬರಿಗಾಲಲ್ಲಿ ಓಡಿದರಾಗದೇ ಎಂದು ಚುರುಕು ವಿದ್ಯಾರ್ಥಿ ಕೇಳಬಹುದು. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ತನಗೆ ಹೊಂದುವ ಬೂಟು ಸಿಗದೆ ಬರಿಗಾಲಲ್ಲೇ ಮ್ಯಾರಥಾನ್ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಚಿನ್ನದ ಪದಕ ಗೆದ್ದ. ಬರಿಗಾಲಿನ ಓಟ ಅವನಿಗೆ ಮೊದಲೇ ರೂಢಿಯಾಗಿತ್ತು ಎಂಬುದನ್ನು ಮರೆಯಬಾರದು. ಸ್ವಲ್ಪ ಸ್ವಲ್ಪವಾಗಿ ಘರ್ಷಣೆ ಬಿದ್ದರೆ ಚರ್ಮ ದಪ್ಪವಾಗಿ ಜಡ್ಡುಗಟ್ಟುತ್ತದೆ. ಗುದ್ದಲಿ ಹಿಡಿಯುವ ರೈತನ ಅಂಗೈಯನ್ನು ನೋಡಿದರೆ ತಿಳಿಯುತ್ತದೆ. ಒಂದೇ ದಿನ ಹತ್ತು ಸುತ್ತಿಗೆ ಹಾರಿದರೆ ಬರುವುದು ಗುಳ್ಳೆಯೇ, ಜಡ್ಡಲ್ಲ. ಅಂದಹಾಗೆ 1964ರಲ್ಲಿ ಟೋಕಿಯೊದಲ್ಲಿ ಬಿಕಿಲ ಮತ್ತೆ ಗೆದ್ದಾಗ ಅವನ ಕಾಲಲ್ಲಿ ಬೂಟು ಇತ್ತು.

ಗುಳ್ಳೆ ಬಂದೇಬಿಟ್ಟಿದೆ ಎನ್ನಿ. ಅದರ ಮೇಲ್ಚರ್ಮ ಪ್ರಕೃತಿಯೇ ಹಾಕಿಕೊಟ್ಟ ಪಟ್ಟಿ. ಅದರಡಿಯಲ್ಲಿ ದುರಸ್ತಿ ಬಲುಬೇಗ ಆರಂಭವಾಗುತ್ತದೆ: ಸುಮಾರು 24 ಗಂಟೆಗಳಲ್ಲಿ ಬುಡದ ಜೀವಕೋಶಗಳ ವಿಭಜನೆ ಭರದಿಂದ ಸಾಗಿರುತ್ತದೆ, ಸುಮಾರು 5 ದಿನಗಳಲ್ಲಿ ಹೊಸ ಹೊರಪದರ ಸಿದ್ಧವಾಗುತ್ತದೆ. ಗುಳ್ಳೆ ಚಿಕ್ಕದಾಗಿದ್ದು ನೋವಿಲ್ಲದಿದ್ದರೆ ಮುಟ್ಟದೆ ಬಿಡುವುದೇ ಚಿಕಿತ್ಸೆ. ಮೃದುವಾದ ಸ್ಪಂಜಿನ ತುಂಡನ್ನು ಉದ್ದಿನ ವಡೆಯ ಆಕಾರಕ್ಕೆ ಕತ್ತರಿಸಿ, ತೂತಿನೊಳಗೆ ಗುಳ್ಳೆ ಬರುವಂತೆ ಇಟ್ಟು ಮೇಲೆ ಟೇಪ್ ಹಾಕಿದರೆ ಬೂಟಿನ ಒತ್ತಡ ಅದರ ಮೇಲೆ ಬೀಳುವುದಿಲ್ಲ.

ಗುಳ್ಳೆ ದೊಡ್ಡದಾಗಿದ್ದು, ಬಿಗಿದುಕೊಂಡು, ನಡೆಯುವುದೇ ಕಷ್ಟವಾದರೆ ನೀರು ತೆಗೆಯಬಹುದು. ಇದು ಹಿರಿಯರೊಬ್ಬರ ಕೈಯಲ್ಲಿ ಆಗಬೇಕಾದ ಕೆಲಸ. ಕೈಯನ್ನೂ ಗುಳ್ಳೆಯನ್ನೂ ಸೋಪಿನಿಂದ ತೊಳೆದು, ಗುಳ್ಳೆಯ ಮೇಲೆ ಸ್ಪಿರಿಟ್ ಅಥವಾ ಪೊವಿಡೋನ್ ಅಯೋಡಿನ್ ಸವರಬೇಕು. ಔಷಧಿ ಅಂಗಡಿಯಲ್ಲಿ ಸಿಗುವ, ಹೊದಿಕೆ ತೆರೆಯದ ಇಂಜೆಕ್ಷನ್ ಸೂಜಿಯಿಂದ ಗುಳ್ಳೆಯ ಅಂಚಿನಲ್ಲಿ ಎರಡು ಮೂರು ಕಡೆ ಚುಚ್ಚಿ, ಶುದ್ಧ ಹತ್ತಿಯಿಂದ ಮೆಲ್ಲಗೆ ಒತ್ತಿದರೆ ನೀರು ಹೊರಬರುತ್ತದೆ. ಮೇಲ್ಚರ್ಮವನ್ನು ಕತ್ತರಿಸಬಾರದು, ಸುಲಿಯಬಾರದು. ಅದು ಕೆಳಗಿನ ಹಸಿ ಚರ್ಮದ ಮೇಲೆ ಒರಗಿಕೊಳ್ಳಲಿ. ಮೇಲೆ ವ್ಯಾಸಲೀನ್ ಅಥವಾ ಆಂಟಿಸೆಪ್ಟಿಕ್ ಮುಲಾಮು ಸವರಿ ಶುದ್ಧ ಪಟ್ಟಿ ಕಟ್ಟಿ, ದಿನಕ್ಕೊಮ್ಮೆ ಬದಲಿಸಬೇಕು. ಮೊದಲ ದಿನ ನೀರು ಮತ್ತೆ ತುಂಬಿಕೊಂಡರೆ ಇದೇ ಕ್ರಮದಲ್ಲಿ ಮತ್ತೆ ತೆಗೆಯಬಹುದು. ರಕ್ತ ತುಂಬಿದ ಗುಳ್ಳೆಯನ್ನು ಮನೆಯಲ್ಲಿ ಚುಚ್ಚದಿರುವುದೇ ಕ್ಷೇಮ.

ಪಕ್ಕದ ಮನೆಯವರ ಸೂಜಿ ದಾರದ ಉಪಾಯ, ಅಂದರೆ ಗುಳ್ಳೆಯ ಮೂಲಕ ದಾರ ಪೋಣಿಸಿ ಅಲ್ಲೇ ಬಿಡುವುದು, ರೋಗಾಣುಗಳಿಗೆ ಸೇತುವೆ ಕಟ್ಟಿಕೊಟ್ಟಂತೆ. ಅರಿಸಿನದ ಗುಣಗಳ ಬಗ್ಗೆ ಅಜ್ಜಿಯೊಡನೆ ಜಗಳ ಬೇಡ. ಆದರೆ ಅಡುಗೆಮನೆಯ ಡಬ್ಬಿಯ ಪುಡಿ ರೋಗಾಣುರಹಿತವಲ್ಲ. ಒಡೆದ ಗುಳ್ಳೆಗೆ ಅದಾಗಲಿ, ಕಾಫಿ ಪುಡಿ, ಸುಣ್ಣ, ಟೂತ್‌ಪೇಸ್ಟ್‌ಗಳಾಗಲಿ ತಕ್ಕ ಔಷಧಿಯಲ್ಲ.

ಇಷ್ಟು ಸಣ್ಣ ಗುಳ್ಳೆಗೆ ಇಷ್ಟೆಲ್ಲ ಮಡಿ ಏಕೆ ಎನ್ನುವವರು 1924ರ ಒಂದು ಘಟನೆಯನ್ನು ತಿಳಿಯಬೇಕು. ಆಗ ಅಮೆರಿಕದ ಅಧ್ಯಕ್ಷರಾಗಿದ್ದವರು ಕ್ಯಾಲ್ವಿನ್ ಕೂಲಿಡ್ಜ್. ಅವರ ಕಿರಿಯ ಮಗನ ಹೆಸರೂ ಕ್ಯಾಲ್ವಿನ್, ವಯಸ್ಸು 16. ಜೂನ್ 30ರಂದು ಅವನು ಶ್ವೇತಭವನದ ಅಂಗಳದಲ್ಲಿ ಅಣ್ಣನೊಡನೆ ಟೆನಿಸ್ ಆಡಿದ. ಕಾಲಿಗೆ ಬೂಟಿತ್ತು, ಕಾಲುಚೀಲ ಇರಲಿಲ್ಲ. ಬಲಗಾಲಿನ ಬೆರಳೊಂದರ ಮೇಲೆ ಗುಳ್ಳೆ ಎದ್ದಿತು. ಹುಡುಗ ಅದನ್ನು ದೊಡ್ಡದು ಮಾಡಲಿಲ್ಲ. ಒಂದೆರಡು ದಿನಗಳಲ್ಲಿ ಜ್ವರ ಬಂತು. ಗುಳ್ಳೆಯ ಮೂಲಕ ಒಳಹೊಕ್ಕ ಸ್ಟಫಿಲೋಕಾಕಸ್ ಬ್ಯಾಕ್ಟೀರಿಯ ರಕ್ತಕ್ಕೆ ಸೇರಿ ನಂಜೇರಿತ್ತು. ದೇಶದ ದೊಡ್ಡ ದೊಡ್ಡ ವೈದ್ಯರೆಲ್ಲ ಸುತ್ತ ನೆರೆದರು. ಜುಲೈ 7ರಂದು ಹುಡುಗ ತೀರಿಕೊಂಡ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಗುರುತಿಸಿದ್ದು ಅದಾದ ನಾಲ್ಕು ವರ್ಷಗಳ ಮೇಲೆ, 1928ರಲ್ಲಿ. ಅದು ರೋಗಿಗಳ ಕೈಗೆ ಬಂದದ್ದು 1940ರ ದಶಕದಲ್ಲಿ.

ಈಗ ಔಷಧಿಗಳಿವೆ. ಆದರೆ ಹೊತ್ತಿಗೆ ಸರಿಯಾಗಿ ವೈದ್ಯರ ಬಳಿ ಹೋದರೆ ತಾನೇ ಅವು ಕೆಲಸ ಮಾಡುವುದು? ಗುಳ್ಳೆಯ ಸುತ್ತಲಿನ ಕೆಂಪು ದಿನದಿನಕ್ಕೆ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ ಎನಿಸಿದರೆ, ತಿಳಿನೀರಿನ ಬದಲು ಕೀವು ಕಂಡರೆ, ಕಾಲಿನ ಮೇಲಕ್ಕೆ ಕೆಂಪು ಗೆರೆ ಹತ್ತಿದರೆ, ತೊಡೆಸಂದಿಯಲ್ಲಿ ಗಂಟು ಕಟ್ಟಿ ಜ್ವರ ಬಂದರೆ ಮನೆಮದ್ದು ನಿಲ್ಲಿಸಿ ಆ ದಿನವೇ ವೈದ್ಯರಿಗೆ ತೋರಿಸಬೇಕು. ಒಡೆದ ಗುಳ್ಳೆಗೆ ಮೈದಾನದ ಮಣ್ಣು ಮೆತ್ತಿದ್ದರೆ, 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಧನುರ್ವಾಯು ತಡೆಯುವ ಚುಚ್ಚುಮದ್ದು ಆಗಿದೆಯೇ ಎಂದು ನೋಡಿಕೊಳ್ಳುವುದೂ ತಂದೆತಾಯಿಗಳ ಕೆಲಸ. ಬೆಳಗಿನ ನಡಿಗೆಗೆ ಹೋಗುವ ಸಕ್ಕರೆ ಕಾಯಿಲೆಯ ಅಜ್ಜ ಅಜ್ಜಿಯರ ಮಾತೇ ಬೇರೆ. ಅವರ ಪಾದಕ್ಕೆ ನೋವಿನ ಅರಿವು ಕುಂದಿರಬಹುದು, ಗಾಯ ಮಾಯುವುದೂ ನಿಧಾನ. ಅವರ ಗುಳ್ಳೆಯನ್ನು ಮನೆಯಲ್ಲಿ ಚುಚ್ಚಲೇಬಾರದು. ದಿನಾ ರಾತ್ರಿ ಮೊಮ್ಮಕ್ಕಳು ಅವರ ಅಂಗಾಲನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿದರೆ ದೊಡ್ಡ ಉಪಕಾರವಾಗುತ್ತದೆ.

ಮತ್ತೆ ಓಡುವುದು ಯಾವಾಗ? ಒತ್ತಿದರೆ ನೋಯದಿದ್ದಾಗ. ಮೇಲ್ಚರ್ಮ ಒಣಗಿ ತಾನೇ ಉದುರಿದ ಮೇಲೆ ಕಾಣುವ ಗುಲಾಬಿ ಬಣ್ಣದ ಹೊಸ ಚರ್ಮ ಇನ್ನೂ ಎಳೆಯದು. ಮೊದಲ ವಾರ ಅದರ ಮೇಲೆ ಕಾಗದದ ಟೇಪ್ ಇರಲಿ, ಸುತ್ತುಗಳು ಅರ್ಧಕ್ಕಿಳಿಯಲಿ. ಗುಳ್ಳೆ ಎದ್ದ ಜಾಗಕ್ಕೆ ಸರಿಯಾಗಿ ಬೂಟಿನ ಒಳಗೆ ಬೆರಳಾಡಿಸಿ ನೋಡುವುದನ್ನು ಮರೆಯಬಾರದು. ಎದ್ದುನಿಂತ ಹೊಲಿಗೆಯೋ, ಮಡಿಸಿಕೊಂಡ ಒಳಹಾಸೋ ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ.