ಮಡಚಿಟ್ಟ ಸೈಟು

“ಹೆಣ್ಣುಮಕ್ಕಳಿಗೆ ಪೆರೇಡ್ ಸಾಕಲ್ಲ ಮೇಡಂ, ಫೈರಿಂಗ್ ಯಾಕೆ? ಶಬ್ದಕ್ಕೇ ಕಿರುಚಿಕೊಳ್ತಾರೆ.” ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಆ ವರ್ಷ ಎನ್‌ಸಿಸಿ ಶಿಬಿರದಲ್ಲಿ ನಮ್ಮ ಹುಡುಗಿಯರ ಪಾಲಿನ ಗುಂಡುಗಳು ಹುಡುಗರಿಗೆ ಹೋದವು. ನಾನೂ ಸುಮ್ಮನಿದ್ದೆ. ಆ ಸಿಟ್ಟು ನನ್ನ ಮೇಲೇ ಇನ್ನೂ ಇಳಿದಿಲ್ಲ.

ಎನ್‌ಸಿಸಿ ಹುಟ್ಟಿದ್ದು 1948ರಲ್ಲಿ, ಹುಡುಗಿಯರ ವಿಭಾಗ ಬಂದದ್ದು 1949ರಲ್ಲಿ. ಒಂದೇ ವರ್ಷದಲ್ಲಿ ದೇಶಕ್ಕೆ ಹೊಳೆದದ್ದು ನಮ್ಮ ಸ್ಟಾಫ್ ರೂಮಿಗೆ ಇನ್ನೂ ಹೊಳೆದಿಲ್ಲ.

ಈಗ ಹೊಸ ರಾಗ ಶುರುವಾಗಿದೆ. “ಕಬ್ಬಿಣದ ಸೈಟ್ ಹಳೇ ಕಾಲದ್ದು ಮೇಡಂ. ಈಗ ಗಾಜಿನೊಳಗೆ ಕೆಂಪು ಚುಕ್ಕೆ ಕಾಣುತ್ತೆ, ಅದನ್ನಿಟ್ಟು ಹೊಡೆದರಾಯ್ತು. ಇದನ್ನು ಕಲಿಸಿ ಏನುಪಯೋಗ?” ಸೈನ್ಯದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ಇದನ್ನೇ ಕೇಳಿದೆ. ಅವನು ನಕ್ಕು, ಕಾಗದದ ಮೇಲೆ ಗೀಚಿ ತೋರಿಸಿದ. ಆ ಗಾಜಿನ ಜೊತೆಗೇ ಎಷ್ಟೋ ರೈಫಲ್‌ಗಳ ಮೇಲೆ ಎರಡು ಪುಟ್ಟ ಕಬ್ಬಿಣದ ತುಂಡುಗಳನ್ನು ಮಡಚಿ ಮಲಗಿಸಿರುತ್ತಾರಂತೆ. ಬ್ಯಾಟರಿ ಸತ್ತರೆ, ಗಾಜು ಒಡೆದರೆ, ಬೆರಳಿನಿಂದ ಎತ್ತಿ ನಿಲ್ಲಿಸಬೇಕು. ಎತ್ತಿ ನಿಲ್ಲಿಸಿದರೆ ಆಯಿತೇ? ನೋಡಲು ಬರಬೇಕಲ್ಲ! ಎರಡನೆಯ ಮಹಾಯುದ್ಧದ ಬ್ರಿಟಿಷ್ ನಂ. 4 ರೈಫಲ್‌ಗೂ ಎತ್ತಿ ಮಡಚುವ ಹಿಂದಿನ ಸೈಟ್ ಇತ್ತು; ಒಂದು ತೂತು 300 ಗಜಕ್ಕೆ, ಇನ್ನೊಂದು 600 ಗಜಕ್ಕೆ. ಆ ವಿದ್ಯೆ ಇನ್ನೂ ಸತ್ತಿಲ್ಲ.

ಮತ್ತೆ ಅದು ಗಂಡಸಿನ ತೋಳ್ಬಲದ ವಿದ್ಯೆಯೇನಲ್ಲ. ಹಿಂದಿನ ತೂತಿನ ನಡುವೆ ಮುಂದಿನ ಮೊನೆಯನ್ನು ತಂದು, ಅದರ ತುದಿಯನ್ನು ಗುರಿಗೆ ಕೂಡಿಸಬೇಕು. ಕಣ್ಣು ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು. ಹೊಸಬರು ಗುರಿಯನ್ನೇ ದಿಟ್ಟಿಸುತ್ತಾರೆ, ಗುಂಡು ಎಲ್ಲೋ ಹೋಗುತ್ತದೆ. ದಿಟ್ಟಿಸಬೇಕಾದದ್ದು ಮೊನೆಯನ್ನು, ಗುರಿ ಮಸುಕಾದರೆ ಆಗಲಿ. ಉಸಿರು ಹಿಡಿದು, ಕುದುರೆಯನ್ನು ಮೆಲ್ಲಗೆ ಒತ್ತಬೇಕು. ಸೂಜಿಗೆ ದಾರ ಪೋಣಿಸುವಾಗ ನಾವು ಮಾಡುವುದು ಇನ್ನೇನು? (ನನಗೀಗ ಅದಕ್ಕೂ ಕನ್ನಡಕ ಬೇಕು, ಆ ಮಾತು ಬೇರೆ.)

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಅಲ್ಲಿ ಸೀರೆಯುಟ್ಟ ಹೆಂಗಸರೂ ಕೋವಿ ಹಿಡಿಯುತ್ತಾರೆ. ಶಬ್ದಕ್ಕೆ ಯಾರೂ ಮೂರ್ಛೆ ಹೋಗುವುದಿಲ್ಲ.

ಈ ಸಲದ ಶಿಬಿರಕ್ಕೆ ಫೈರಿಂಗ್ ಪಟ್ಟಿ ಬರೆದು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು ಬಂದಿದ್ದೇನೆ. ಮೊದಲ ಹನ್ನೆರಡು ಹೆಸರು ಹುಡುಗಿಯರದೇ. ಸಹಿಯಾಗುವವರೆಗೆ ದಿನಾ ಬೆಳಿಗ್ಗೆ ಹೋಗಿ ಆ ಮೇಜಿನ ಮುಂದೆ ನಿಲ್ಲುತ್ತೇನೆ.