ವಾಡಿಕೆ ಮೀರಿದವರೆಲ್ಲ ಕಳ್ಳರೇ?

1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಗಣಕಯಂತ್ರಗಳ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡುಬಂದಿತು. ಯಂತ್ರವನ್ನು ಬಳಸಿದಷ್ಟು ಹೊತ್ತಿಗೆ ಹಣ ತೆರಬೇಕಾಗಿದ್ದ ಕಾಲ ಅದು. ಇಷ್ಟು ಅಲ್ಪ ಮೊತ್ತವನ್ನು ಬೇರೆ ಯಾರಾದರೂ ಕೈಬಿಡುತ್ತಿದ್ದರೇನೋ; ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಬಿಡಲಿಲ್ಲ. ತಿಂಗಳುಗಟ್ಟಲೆ ಜಾಡು ಹಿಡಿದು ಹೋದಾಗ ಅದು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರವನ್ನು ಮುಟ್ಟಿತು. ಅಲ್ಲಿದ್ದವನೊಬ್ಬ ಅಮೆರಿಕದ ಸೈನ್ಯದ ಗಣಕಗಳಿಗೆ ಕನ್ನ ಹಾಕುತ್ತಿದ್ದ. ಅವನ ತಂಡ ದೊರೆತುದನ್ನು ಸೋವಿಯತ್ ಗೂಢಚಾರರಿಗೆ ಮಾರುತ್ತಿತ್ತು.

ಇಂದಿನ ಗಣಕಜಾಲಗಳಲ್ಲಿ ಹರಿಯುವ ಮಾಹಿತಿಯನ್ನು ನೂರು ಮಂದಿ ಸ್ಟಾಲರು ಕುಳಿತರೂ ಓದಿ ಮುಗಿಸಲಾರರು. ಆದುದರಿಂದ ಕಾವಲನ್ನು ಯಂತ್ರಕ್ಕೆ ಒಪ್ಪಿಸಿದ್ದೇವೆ. ಬಲ್ಲ ಕಳ್ಳರ ಚಹರೆಗಳ ಪಟ್ಟಿಯನ್ನು ಕೊಟ್ಟರೆ ಅದು ಹೊಸ ಕಳ್ಳನನ್ನು ಗುರುತಿಸದು. ಅದಕ್ಕಾಗಿ ಮತ್ತೊಂದು ದಾರಿ ಹುಟ್ಟಿತು. ಇದು ಒಳಿತು, ಇದು ಕೆಡುಕು ಎಂದು ಯಾರೂ ಹೇಳಿಕೊಡದೆ, ಯಂತ್ರವು ಜಾಲದ ದಿನಚರಿಯನ್ನು ತಾನೇ ನೋಡಿ ನೋಡಿ ಕಲಿಯುತ್ತದೆ. ಯಾರು ಯಾವ ಹೊತ್ತಿಗೆ ಬರುವರು, ಯಾವ ಕಡತ ತೆರೆಯುವರು, ಎಷ್ಟು ಮಾಹಿತಿ ಹೊರಗೆ ಹೋಗುವುದು ಎಂಬುದನ್ನೆಲ್ಲ ಗಮನಿಸಿ, ಹೋಲುವವುಗಳನ್ನು ಗುಂಪುಗೂಡಿಸಿ, ಗುಂಪಿಗೆ ಸೇರದುದರತ್ತ ಬೆರಳು ತೋರುತ್ತದೆ. ವಾಡಿಕೆಯಿಂದ ದೂರ ಸರಿದ ನಡೆ ಅತಿಕ್ರಮಣದ ಸುಳಿವಾಗಬಹುದೆಂಬ ವಿಚಾರವನ್ನು ಡೊರೊತಿ ಡೆನ್ನಿಂಗ್ 1987ರಲ್ಲಿಯೇ ವಿಶದಪಡಿಸಿದ್ದರು.

ಈ ವಿದ್ಯೆ ಮೆಚ್ಚತಕ್ಕದ್ದೇ. ಆದರೆ ಕಾವಲುಗಾರನನ್ನು ನ್ಯಾಯಪೀಠದ ಮೇಲೆ ಕೂರಿಸುವುದನ್ನು ನಾನು ಒಪ್ಪಲಾರೆ. ನಾನು ಉಪಾಧ್ಯಾಯನಾಗಿದ್ದಾಗ, ಸದಾ ಹಿಂದೆ ಬೀಳುತ್ತಿದ್ದ ಹುಡುಗನೊಬ್ಬ ಒಂದು ಪರೀಕ್ಷೆಯಲ್ಲಿ ಸೊಗಸಾಗಿ ಬರೆದಿದ್ದ. ನಕಲು ಮಾಡಿರಬೇಕೆಂದು ಬಗೆದು, ಏನನ್ನೂ ವಿಚಾರಿಸದೆ ತರಗತಿಯ ಎದುರಿಗೇ ಗದರಿಸಿದೆ. ರಜೆಯಲ್ಲಿ ಅಕ್ಕನ ಮನೆಯಲ್ಲಿದ್ದು ಪಾಠ ಹೇಳಿಸಿಕೊಂಡು ಬಂದಿದ್ದನೆಂದು ತಿಳಿದದ್ದು ಆಮೇಲೆ. ಆ ಹುಡುಗನ ಮುಖ ಇಂದಿಗೂ ನನ್ನ ಕಣ್ಣಮುಂದಿದೆ. ಮಗುವಿನ ಕಾಯಿಲೆಯಿಂದಾಗಿ ಹಗಲಿನ ಕೆಲಸವನ್ನು ನಡುರಾತ್ರಿ ಮುಗಿಸುವ ಗುಮಾಸ್ತೆಯೂ ಯಂತ್ರದ ಕಣ್ಣಿಗೆ ಹಾಗೆಯೇ ಕಂಡಾಳು.

ಲೆಕ್ಕ ಹಾಕಿ ನೋಡಿ. ದಿನಕ್ಕೆ 10 ಲಕ್ಷ ವ್ಯವಹಾರಗಳು ನಡೆದು, ಅವುಗಳಲ್ಲಿ 10 ಮಾತ್ರ ದುಷ್ಟವೆನ್ನೋಣ. ಯಂತ್ರವು ಆ ಹತ್ತನ್ನೂ ಹಿಡಿದು, ಉಳಿದವುಗಳ ವಿಷಯದಲ್ಲಿ ನೂರಕ್ಕೆ ಒಂದು ಸಲ ಮಾತ್ರ ತಪ್ಪಿದರೂ, ಸುಮಾರು 10,000 ಸುಳ್ಳು ಕೂಗುಗಳೇಳುತ್ತವೆ. 1999ರಲ್ಲಿ ಸ್ಟೆಫಾನ್ ಆಕ್ಸೆಲ್ಸನ್ ಎತ್ತಿ ತೋರಿಸಿದ ತೊಡಕು ಇದೇ. ಬರಿದೆ ಕೂಗುವ ಕಾವಲುಗಾರನ ಮಾತನ್ನು ಕೆಲವು ದಿನಗಳಲ್ಲಿ ಯಾರೂ ಕೇಳುವುದಿಲ್ಲ. ನಿಜವಾದ ಕಳ್ಳನಿಗೆ ಬೇಕಾದುದೂ ಅದೇ. ಯಂತ್ರ ಕಲಿಯುವ ಹೊತ್ತಿಗೇ ಕಳ್ಳ ಒಳಗಿದ್ದರಂತೂ ಅವನ ಕಳವೂ ವಾಡಿಕೆಯ ಲೆಕ್ಕಕ್ಕೆ ಸೇರಿಹೋಗುವುದು!

ಆದುದರಿಂದ ಯಂತ್ರ ಬೆರಳು ತೋರಿದಾಗ, ಯಾವುದನ್ನು ಕಂಡು ತೋರಿತೆಂಬುದನ್ನೂ ಅದು ಹೇಳಬೇಕು. ಆ ಬಳಿಕ ವಿವೇಕವುಳ್ಳ ಮನುಷ್ಯನೊಬ್ಬ ಸಂಬಂಧಪಟ್ಟವರನ್ನು ಕೇಳಿ ತಿಳಿಯಬೇಕು. ಸ್ಟಾಲ್ ಅವರೂ ಮೊದಲು ಲೆಕ್ಕದ ವಿಧಾನದಲ್ಲಿಯೇ ತಪ್ಪಿರಬಹುದೆಂದು ಭಾವಿಸಿ ಅದನ್ನು ಪರೀಕ್ಷಿಸಿದ್ದರು. ಕಳ್ಳನ ಮಾತು ಬಂದದ್ದು ಆನಂತರ.